.315 ಬೋಲ್ಟ್ ಆಕ್ಷನ್ ರೈಫಲ್: 20 ತೋಟಾದಲ್ಲಿ ಗ್ರೂಪಿಂಗ್ ಪರೀಕ್ಷೆ ಸರಿಯಾಗಿ ಮಾಡೋದು ಹೇಗೆ?

ಪಾವಗಡ_ಬಿಸಿಲು

ರೈಫಲ್ ಇಛಾಪುರ ಕಾರ್ಖಾನೆಯ .315 ಸ್ಪೋರ್ಟಿಂಗ್. ಸೆಕೆಂಡ್ ಹ್ಯಾಂಡ್, ಲೈಸೆನ್ಸ್‌ಗೆ ಸೇರಿಸಿ ಆಗಿದೆ. ಸ್ಕೋಪ್ ಇಲ್ಲ, ಕಾರ್ಖಾನೆಯ ತೆರೆದ ಸೈಟೇ. ಅನುಮತಿ ಇರುವ ರೇಂಜ್‌ನಲ್ಲಿ 50 ಮೀಟರ್‌ಗೆ, ಮರಳು ಚೀಲದ ಮೇಲಿಟ್ಟು, ಐದೈದು ಗುಂಡಿನ ಮೂರು ಗ್ರೂಪ್ (ಒಂದೇ ಗುರಿಗೆ ಹಾರಿಸಿದ ತೂತುಗಳ ಗುಂಪು) ಹಾರಿಸಿದ ಅಳತೆ ಕೆಳಗಿದೆ. ತೂತಿನ ನಡುವಿನಿಂದ ತೂತಿನ ನಡುವಿಗೆ ಅತಿ ದೂರ: 70, 62, 66 ಮಿ.ಮೀ.

ಮೊದಲ ಗ್ರೂಪ್ ಮಾತ್ರ ಹಾರಿಸಿದ ಕ್ರಮದಲ್ಲೇ ಬರೆದಿಟ್ಟಿದ್ದೀನಿ. ಗುರಿ ಬಿಂದುವಿನಿಂದ ಮಿ.ಮೀ. ಲೆಕ್ಕ, ಮೊದಲನೇದು ಅಡ್ಡ (ಬಲ ಅಂದ್ರೆ +), ಎರಡನೇದು ಉದ್ದ (ಮೇಲೆ ಅಂದ್ರೆ +):
1) −8, −22
2) +4, −6
3) −3, +15
4) +10, +31
5) +2, +47

ವರ್ಷಕ್ಕೆ ಕೊಳ್ಳಬಹುದಾದ ತೋಟಾ ಲೈಸೆನ್ಸ್‌ನಲ್ಲಿ ಬರೆದಷ್ಟೇ. ಮುಂದಿನ ಸಲಕ್ಕೆ 20 ಎತ್ತಿಟ್ಟಿದ್ದೀನಿ. ನಳಿಗೆ ಸವೆದಿದೆಯಾ, ರೈಫಲ್ಲೇ ಇಷ್ಟಾ, ಅಥವಾ ಹಾರಿಸೋ ರೀತಿಯಲ್ಲಿ ತಪ್ಪಿದೆಯಾ? ಈ 20ರಲ್ಲಿ ತಿಳ್ಕೊಳ್ಳೋದು ಹೇಗೆ?

ಸಿರಾ_ಲೆಕ್ಕ

ಹಾರಿಸಿದ ಕ್ರಮ ಬರೆದಿದ್ದೀರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಅಡ್ಡಕ್ಕೆ ಹರಡಿರೋದು ಬರೀ 18 ಮಿ.ಮೀ., ಉದ್ದಕ್ಕೆ 69. ಅದೂ ಒಂದರ ಮೇಲೊಂದು ಏಣಿ ಹತ್ತಿದ ಹಾಗೆ. ಸವೆದ ನಳಿಗೆ ಹೀಗೆ ಮಾಡಲ್ಲ, ಎಲ್ಲಾ ದಿಕ್ಕಿಗೂ ಚೆಲ್ಲುತ್ತೆ. ಕ್ರಮವಾಗಿ ಒಂದೇ ದಿಕ್ಕಿಗೆ ಸರೀತಿದ್ರೆ ಪ್ರತಿ ಗುಂಡಿಗೂ ಏನೋ ಒಂದು ಬದಲಾಗ್ತಿದೆ: ನಳಿಗೆಯ ಬಿಸಿ, ಮರದ ಒತ್ತಡ, ಸಡಿಲ ಸ್ಕ್ರೂ, ಇಲ್ಲವೇ ಚೀಲದ ಮೇಲೆ ಹಿಂದಕ್ಕೆ ಜಾರ್ತಿರೋ ಬಂದೂಕು.

ನೀವು 70 ಅಂತ ಒಂದೇ ಸಂಖ್ಯೆ ಹಾಕಿದ್ರೆ ಇದ್ಯಾವುದೂ ಕಾಣ್ತಿರಲಿಲ್ಲ. ಹರಡಿಕೆ ಅಳೆಯೋಕೆ ಎಂಒಎ ಅನ್ನೋ ಕೋನದ ಮಾನ ಇದೆ, ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ. 50 ಮೀಟರ್‌ನಲ್ಲಿ 1 ಎಂಒಎ ಅಂದ್ರೆ 14.5 ಮಿ.ಮೀ., ಹಾಗಾಗಿ 70 ಅಂದ್ರೆ 4.8 ಎಂಒಎ. ಅಷ್ಟನ್ನೇ ಓದಿದವರು "ಕಡಿಮೆ ಬೆಲೆಯ ರೈಫಲ್, ಇಷ್ಟೇ" ಅಂದು ಬಿಡ್ತಾರೆ.

ಕೆಜಿಎಫ್_ಫಿಟ್ಟರ್

ಲೆಕ್ಕದ ಸಾರ್ ಹೇಳಿದ್ದು ಸರಿ. ಕಬ್ಬಿಣ, ಮರದ ಕಡೆಯಿಂದ ನೋಡೋಣ.

ಈ .315ರ ಮೂಲ ಲೀ-ಎನ್‌ಫೀಲ್ಡ್ ಆಕ್ಷನ್ (ಬೋಲ್ಟ್ ಓಡಾಡೋ, ನಳಿಗೆ ಹಿಂದಿನ ಲೋಹದ ಭಾಗ). ತೋಟಾ 8×50 ರಿಮ್ (ಬುಡದಲ್ಲಿ ಹೊರಚಾಚಿದ ಅಂಚು) ಇರೋ ಹಳೇ ಮ್ಯಾನ್‌ಲಿಕರ್ ಬಗೆಯದ್ದು. ಇಲ್ಲಿ ಮರ ಒಂದೇ ತುಂಡಲ್ಲ, ಭುಜಕ್ಕೆ ಒತ್ತೋ ಬಟ್ ಬೇರೆ, ಮುಂದಿನ ಮರ ಬೇರೆ. ಗುಂಡು ಹಾರಿದಾಗ ಹಿಂದಕ್ಕೆ ಬರೋ ಒದೆತವನ್ನು ಮುಂದಿನ ಮರದ ಹಿಂಭಾಗದ ಎರಡು ಸಣ್ಣ ಮುಖಗಳು ಆಕ್ಷನ್‌ನಿಂದ ತಗೋತವೆ. ಹಳೇ ಬಂದೂಕಲ್ಲಿ ವರ್ಷಗಟ್ಟಲೆ ಎಣ್ಣೆ ಕುಡಿದು ಆ ಜಾಗದ ಮರ ಮೆತ್ತಗಾಗಿರುತ್ತೆ. ಪಾವಗಡದ ಬೇಸಿಗೆಗೆ ಒಣಗಿ ಸೊರಗಿರಲೂಬಹುದು. ಆಗ ಪ್ರತಿ ಗುಂಡಿಗೂ ಆಕ್ಷನ್ ಕೂದಲೆಳೆಯಷ್ಟು ಹಿಂದೆ ಸರಿದು ಬೇರೆ ಜಾಗದಲ್ಲಿ ಕೂರುತ್ತೆ. ನಿಮ್ಮ ಏಣಿಗೆ ನನ್ನ ಮೊದಲ ಅನುಮಾನ ಇದೇ.

ಪತ್ತೆ ಮಾಡೋದು ಸುಲಭ. ಮ್ಯಾಗಜೀನ್ ತೆಗೆದು, ಚೇಂಬರ್ (ನಳಿಗೆಯಲ್ಲಿ ತೋಟಾ ಕೂರೋ ಜಾಗ) ಖಾಲಿ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡಿ. ಮುಂದಿನ ಮರವನ್ನು ಒಂದು ಕೈಯಲ್ಲಿ, ಆಕ್ಷನ್ನು ಇನ್ನೊಂದು ಕೈಯಲ್ಲಿ ಹಿಡಿದು ಹಿಂದೆ ಮುಂದೆ ಜಗ್ಗಿ. ಮರ–ಲೋಹ ಸೇರೋ ಗೆರೆ ಮೇಲೆ ಬೆರಳಿಟ್ಟಿದ್ರೆ ಅಲುಗಾಟ ಗೊತ್ತಾಗುತ್ತೆ. ಆಮೇಲೆ ಟ್ರಿಗರ್ ಗಾರ್ಡ್‌ನ ಮುಂದಿನ ಸ್ಕ್ರೂ ನೋಡಿ. ಅದೇ ಮುಖ್ಯ ಸ್ಕ್ರೂ. ಮೊದಲು ಅದನ್ನ ಬಿಗಿ ಮಾಡಿ, ಹಿಂದಿನದು ಆಮೇಲೆ. ಗಾಡಿ ನಟ್ಟಿನ ಹಾಗೆ ಶಕ್ತಿಯೆಲ್ಲ ಹಾಕ್ಬೇಡಿ. ಕೆಳಗಿರೋದು ಮರ, ಹಿಂಡಿದಷ್ಟೂ ಕುಸಿಯುತ್ತೆ. ಸ್ಕ್ರೂಡ್ರೈವರ್ ತುದಿ ಸ್ಕ್ರೂ ತಲೆಯ ಸೀಳಿಗೆ ಪೂರ್ತಿ ಕೂರಬೇಕು, ಇಲ್ಲದಿದ್ರೆ ತಲೆ ಹರಿದು ಹೋಗುತ್ತೆ.

ಒಂದು ಎಚ್ಚರಿಕೆ, ಇದನ್ನ ತುಂಬ ಜನ ತಪ್ತಾರೆ. ಬಟ್ ಅಲುಗಾಡ್ತಿದೆ ಅಂತ ಬಟ್ ಪ್ಲೇಟ್ ಕಡೆಯಿಂದ ಉದ್ದ ಸ್ಕ್ರೂಡ್ರೈವರ್ ಹಾಕಿ ಒಳಗಿನ ಬೋಲ್ಟ್ ತಿರುಗಿಸ್ಬೇಡಿ. ಲೀ-ಎನ್‌ಫೀಲ್ಡ್ ನಂ. 1 ಮಾದರಿಯಲ್ಲಿ ಆ ಬೋಲ್ಟಿನ ಚೌಕ ತುದಿ ಮುಂದಿನ ಮರದೊಳಗಿನ ತಗಡಿಗೆ ಸಿಕ್ಕಿಕೊಂಡಿರುತ್ತೆ. ಮುಂದಿನ ಮರ ಮೊದಲು ಬಿಚ್ಚದೆ ತಿರುಗಿಸಿದ್ರೆ ಮರ ಸೀಳುತ್ತೆ. ಮರಕ್ಕೆ ಚೂರು ಕೂರಿಸೋದು, ಬೆಡ್ಡಿಂಗ್ (ಲೋಹ ಮರದೊಳಗೆ ಕೂರೋ ರೀತಿ) ಸರಿ ಮಾಡೋದು ಲೈಸೆನ್ಸ್ ಇರೋ ಗನ್‌ಸ್ಮಿತ್ ಕೆಲಸ. ಬಂದೂಕು ರಿಪೇರಿಗೂ 1959ರ ಆಯುಧ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕು, ಊರಿನ ಬಡಗಿ ಹತ್ತಿರ ತಗೊಂಡು ಹೋಗೋ ಹಾಗಿಲ್ಲ.

ಮಾಲೂರು_ಹೆಂಚು

ನಳಿಗೆಗೂ ಮರಕ್ಕೂ ನಡುವೆ ಹತ್ತು ರೂಪಾಯಿ ನೋಟು ಸರಾಗ ಓಡಾಡಬೇಕು ಅಂತಾರಲ್ಲ, ಅದನ್ನ ಮೊದಲು ಮಾಡಿದ್ರೆ ಸಾಲದಾ?

ಕೆಜಿಎಫ್_ಫಿಟ್ಟರ್

ಆ ಪರೀಕ್ಷೆ ಈ ರೈಫಲ್‌ಗೆ ಹೊಂದಲ್ಲ. ರೂಗರ್ ಅಮೆರಿಕನ್, ಸ್ಯಾವೇಜ್ ಆಕ್ಸಿಸ್ ಥರದ ಹೊರದೇಶದ ಅಗ್ಗದ ರೈಫಲ್‌ಗಳಲ್ಲಿ ನಳಿಗೆ ಮರಕ್ಕೆ ತಾಗದ ಹಾಗೇ ಕೂರಿಸಿರ್ತಾರೆ. ಅಲ್ಲಿ ನೋಟು ಸಿಕ್ಕಿಕೊಂಡ್ರೆ ದೋಷ. ಲೀ-ಎನ್‌ಫೀಲ್ಡ್ ವಂಶದಲ್ಲಿ ತೆಳು ನಳಿಗೆ ಕೆಲವು ಕಡೆ ಮರಕ್ಕೆ ತಾಗೋದೇ ವಿನ್ಯಾಸ. ತಾಗ್ತಿದೆಯಾ ಅನ್ನೋದಕ್ಕಿಂತ ಪ್ರತಿ ಸಲ ಒಂದೇ ಥರ ತಾಗ್ತಿದೆಯಾ ಅನ್ನೋದು ಮುಖ್ಯ. ಎಡಕ್ಕೆ ಬಿಗಿ, ಬಲಕ್ಕೆ ಸಡಿಲ ಇದ್ರೆ ಬಿಸಿಯಾದಾಗ ಗುಂಡು ಸಡಿಲ ಇರೋ ಕಡೆ ಸರಿಯುತ್ತೆ. ನೋಟಿನ ಪರೀಕ್ಷೆ ನೋಡಿ ಉಪ್ಪು ಕಾಗದದಲ್ಲಿ ಮರ ಉಜ್ಜಿ ಹಾಕಿದ್ರೆ ಆಮೇಲೆ ಸರಿ ಮಾಡೋದು ಕಷ್ಟ.

ನಂದಿ_ತಪ್ಪಲು

ಬಂದೂಕು ಬಿಚ್ಚೋ ಮುಂಚೆ ಚೀಲ ನೋಡಿ. ಮುಂದಿನ ಚೀಲ ನಳಿಗೆ ಕೆಳಗಿತ್ತಾ, ಮರದ ಕೆಳಗಿತ್ತಾ? ನಳಿಗೆ ಚೀಲಕ್ಕೆ ಒರಗಿದ್ರೆ ಗುಂಡು ಮೇಲಕ್ಕೆ ಹೋಗುತ್ತೆ. ಐದು ಗುಂಡಿಗೆ ರೈಫಲ್ ಸ್ವಲ್ಪ ಸ್ವಲ್ಪ ಸರಿದು ಒರಗೋ ಜಾಗ ಬದಲಾದ್ರೆ ಇದೇ ಏಣಿ ಬರುತ್ತೆ. ಚೀಲ ಯಾವಾಗಲೂ ಮುಂದಿನ ಮರದ ಕೆಳಗೆ, ಮ್ಯಾಗಜೀನ್‌ಗಿಂತ ನಾಲ್ಕು ಬೆರಳು ಮುಂದೆ. ಮರದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಪ್ರತಿ ಗುಂಡಿಗೂ ಅದೇ ಗೆರೆಗೆ ಇಡಿ.

ಚೀಲಕ್ಕೆ ಹಳೇ ಜೀನ್ಸ್ ಪ್ಯಾಂಟಿನ ಕಾಲು ಚೆನ್ನ. ಜರಡಿ ಹಿಡಿದು ಒಣಗಿಸಿದ ಮರಳು ಮುಕ್ಕಾಲು ಭಾಗ ತುಂಬಿ. ಪೂರ್ತಿ ತುಂಬಿದ್ರೆ ಕಲ್ಲಿನ ಹಾಗೆ ಗಟ್ಟಿಯಾಗಿ ಬಂದೂಕು ಪುಟಿಯುತ್ತೆ. ರಾಗಿ ಹೊಟ್ಟು ಬೇಡ, ತೀರ ಹಗುರ, ಒದೆತಕ್ಕೆ ಅಮುಕಿ ಹೋಗುತ್ತೆ. ಹಿಂದೆ ಬಟ್‌ನ ಕೆಳಗೆ ಒಂದು ಸಣ್ಣ ಚೀಲ. ಎಡಗೈಯಲ್ಲಿ ಅದನ್ನ ಹಿಂಡಿ ಸೈಟ್ ಏರಿಳಿತ ಸರಿ ಮಾಡಬೇಕು.

ಎರಡನೇ ಕಾರಣ ಬಿಸಿ. ಎಷ್ಟು ಹೊತ್ತಿಗೊಂದು ಹಾರಿಸಿದ್ರಿ ಅಂತ ಬರೆದಿಲ್ಲ. ಮೂರು ನಿಮಿಷಕ್ಕೆ ಒಂದು ಅಂತ ಮೊಬೈಲ್‌ನಲ್ಲಿ ಟೈಮರ್ ಇಟ್ಟುಕೊಳ್ಳಿ. ನಡುವೆ ಬೋಲ್ಟ್ ತೆರೆದಿರಲಿ. ತೋಟಾ ನೆರಳಲ್ಲಿರಲಿ, ಕಾದ ಚೇಂಬರ್‌ನಲ್ಲೂ ಬಿಡಬೇಡಿ. ಬಿಸಿಯಾದ ಮದ್ದು ಒತ್ತಡ, ವೇಗ ಎರಡನ್ನೂ ಹೆಚ್ಚಿಸುತ್ತೆ.

ಮ್ಯಾಗಜೀನ್ ತುಂಬೋದೇ ಬೇಡ. ಒಂದೊಂದೇ ತೋಟಾ ಹಾಕಿ. ಐದು ತುಂಬಿದ್ರೆ ಮೇಲಿನ ತೋಟಾದ ರಿಮ್ ಕೆಳಗಿನದರ ರಿಮ್‌ಗಿಂತ ಮುಂದೆ ಇರಬೇಕು. ಹಿಂದೆ ಬಿದ್ರೆ ಒಂದಕ್ಕೊಂದು ಸಿಕ್ಕಿಕೊಂಡು ಬೋಲ್ಟ್ ನಿಲ್ಲುತ್ತೆ, ಜಗ್ಗಾಡಿ ಚೀಲದ ಮೇಲಿನ ಜಾಗವೂ ಕೆಡುತ್ತೆ.

ಪಾವಗಡ_ಬಿಸಿಲು

ಚೀಲ ಮರದ ಕೆಳಗೇ ಇತ್ತು, ಆದರೆ ಗೆರೆ ಇರಲಿಲ್ಲ. ನಿಮಿಷಕ್ಕೆ ಎರಡು ಮೂರು ಹಾರಿಸಿದ್ದು. ಮುಂದಿನ ಸ್ಕ್ರೂ ಅರ್ಧ ಸುತ್ತು ತಿರುಗ್ತು. ಜಗ್ಗಿದ್ರೆ ಸಣ್ಣ ಅಲುಗಾಟ ಇದೆ. ಗನ್‌ಸ್ಮಿತ್‌ಗೆ ಕೊಡ್ತೀನಿ. 20 ತೋಟಾ ಹಂಚೋದು ಹೇಗೆ ಅಂತ ತಿಳಿಸಿ. ಮೂರು ಮೂರರ ಗ್ರೂಪ್ ಮಾಡಿದ್ರೆ ಜಾಸ್ತಿ ಗ್ರೂಪ್ ಸಿಗುತ್ತಲ್ಲ?

ಸಿರಾ_ಲೆಕ್ಕ

ಗ್ರೂಪ್ ಜಾಸ್ತಿ ಸಿಗುತ್ತೆ, ತಿಳಿಯೋದು ಜಾಸ್ತಿ ಆಗಲ್ಲ. ಒಂದೇ ರೈಫಲ್, ಒಂದೇ ತೋಟಾ, ಹರಡಿಕೆಯ ಮೂಲ ಅಳತೆಗೆ ಸಿಗ್ಮಾ ಅನ್ನೋಣ. ಗ್ರೂಪಿನ ಅತಿ ದೂರ ಸರಾಸರಿ 3 ಗುಂಡಿಗೆ 2.4 ಸಿಗ್ಮಾ, 5ಕ್ಕೆ 3.07, 10ಕ್ಕೆ 3.8. ರೈಫಲ್ ಬದಲಾಗದೇನೇ ಸಂಖ್ಯೆ ಬೆಳೆಯುತ್ತೆ. ಹಾಗಾಗಿ ಎಷ್ಟು ಗುಂಡು ಅಂತ ಹೇಳದೆ "ನಂದು ಇಷ್ಟು ಇಂಚು" ಅನ್ನೋ ಮಾತಿಗೆ ಅರ್ಥ ಇಲ್ಲ. ಜೊತೆಗೆ 3 ಗುಂಡಿನ ಗ್ರೂಪ್ ಅದೃಷ್ಟಕ್ಕೆ ಶೇ. 37ರಷ್ಟು ಆಚೀಚೆ ಹೊಯ್ದಾಡುತ್ತೆ, 5ರದ್ದು ಶೇ. 27. ಒಳ್ಳೇ ಮೂರು ತೂತಿನ ಕಾಗದ ಒಂದನ್ನ ಎಲ್ಲರಿಗೂ ತೋರಿಸಿ ಉಳಿದದ್ದು ಬಿಸಾಕೋದು ಈ ಹೊಯ್ದಾಟದಿಂದಲೇ ನಡೆಯೋದು.

ಹಂಚಿಕೆ ಹೀಗಿರಲಿ: ನಳಿಗೆಯ ಎಣ್ಣೆ ಸುಟ್ಟು ಹೋಗೋಕೆ 2, ಗುಂಡು ಕಾಗದದ ನಡುವೆ ಬೀಳ್ತಿದೆ ಅಂತ ನೋಡೋಕೆ 3, ಪರೀಕ್ಷೆಗೆ 5+5+5. ಎಲ್ಲಾ 20 ಒಂದೇ ಲಾಟಿನ ತೋಟಾ ಇರಲಿ, ಡಬ್ಬಿ ಮೇಲಿನ ಲಾಟ್ ನಂಬರ್ ಬರೆದಿಟ್ಟುಕೊಳ್ಳಿ.

ಕಾಗದ ಎರಡು ಪದರ ಇಡಿ. ಹಿಂದೆ ದಪ್ಪ ಚಾರ್ಟ್ ಶೀಟ್, ಅದು ಕೊನೆವರೆಗೂ ಅಲುಗಬಾರದು. ಮುಂದೆ ತೆಳು ಕಾಗದ, ಪ್ರತಿ ಐದಕ್ಕೆ ಬದಲಾಯಿಸಿ. ಬದಲಾಯಿಸುವಾಗ ಕಪ್ಪು ವೃತ್ತ ಅದೇ ಜಾಗಕ್ಕೆ ಬರೋ ಹಾಗೆ ಚಾರ್ಟ್ ಮೇಲೆ ನಾಲ್ಕು ಮೂಲೆ ಗುರುತು ಹಾಕಿರಿ. ಮುಂದಿನವು ಮೂರು ಗ್ರೂಪ್ ಕೊಡ್ತವೆ, ಹಿಂದಿನದು 15 ತೂತಿನ ಒಂದೇ ಚಿತ್ರ ಕೊಡುತ್ತೆ. ನಿಜವಾದ ಉತ್ತರ ಆ ಹಿಂದಿನ ಹಾಳೆ.

ಅಳೆಯೋವಾಗ 15 ತೂತಿನ ಸರಾಸರಿ ಕೇಂದ್ರ ತೆಗೆದು (ಎನ್‌ಸಿಸಿಯಲ್ಲಿ ಎಂಪಿಐ ಅಂತಾರಲ್ಲ, ಅದೇ), ಅಲ್ಲಿಂದ ಪ್ರತಿ ತೂತಿಗೆ ದೂರ ಅಳೆದು ಸರಾಸರಿ ಮಾಡಿ. ಇದು ಸರಾಸರಿ ತ್ರಿಜ್ಯ. ನಿಮ್ಮ ಮೇಲಿನ ಐದಕ್ಕೆ ಕೇಂದ್ರ (+1, +13), ದೂರಗಳು 36.1, 19.2, 4.5, 20.1, 34.0, ಸರಾಸರಿ 22.8 ಮಿ.ಮೀ. ಅತಿ ದೂರ ಅನ್ನೋದು ಎರಡೇ ತೂತಿನ ಸಾಕ್ಷಿ. ಸರಾಸರಿ ತ್ರಿಜ್ಯದಲ್ಲಿ ಎಲ್ಲಾ ತೂತೂ ಮಾತಾಡ್ತವೆ. ತೋಟಾ ಕಡಿಮೆ ಇರೋರಿಗೆ ಇದೇ ಸರಿಯಾದ ಅಳತೆ.

"ಅದೊಂದು ನನ್ನ ಕೈ ತಪ್ಪು" ಅಂತ ತೂತು ಬಿಡೋ ಹಾಗಿಲ್ಲ. ಟ್ರಿಗರ್ ಬಿಟ್ಟ ಕ್ಷಣದಲ್ಲೇ, ಕಾಗದ ನೋಡೋ ಮುಂಚೆ, ತಪ್ಪಾಯ್ತು ಅಂತ ಪಕ್ಕದವರಿಗೆ ಹೇಳಿದ್ರೆ ಮಾತ್ರ ಬಿಡಬಹುದು.

ನಂದಿ_ತಪ್ಪಲು

ತೆರೆದ ಸೈಟ್‌ಗೆ ವೃತ್ತದ ಗಾತ್ರವೂ ಲೆಕ್ಕ ಹಾಕೇ ಮಾಡ್ಬೇಕು. ಫೋರ್‌ಸೈಟ್ (ಮೂತಿ ಬಳಿಯ ಸೈಟ್) ಅಲಗು 2 ಮಿ.ಮೀ. ಅಗಲ, ಕಣ್ಣಿಂದ 800 ಮಿ.ಮೀ. ದೂರ ಇದ್ರೆ, 50 ಮೀಟರ್‌ನಲ್ಲಿ ಅದು 125 ಮಿ.ಮೀ. ಮುಚ್ಚುತ್ತೆ. ವೃತ್ತದ ವ್ಯಾಸವೂ ಅಷ್ಟೇ ಇರಲಿ. ಅಲಗಿನ ಅಗಲ, ವೃತ್ತದ ಅಗಲ ಸಮ ಕಂಡ್ರೆ ಎಡ ಬಲ ತಪ್ಪು ಕಣ್ಣಿಗೆ ತಕ್ಷಣ ಹೊಡೆಯುತ್ತೆ. ವೃತ್ತವನ್ನ ಅಲಗಿನ ಮೇಲೆ ಕೂರಿಸಿ ಗುರಿ ಹಿಡೀರಿ, ನಡುವೆ ದಾರದಷ್ಟು ಬಿಳಿ ಬಿಟ್ಟು.

ಬಿಸಿಲು ಪಕ್ಕದಿಂದ ಬಿದ್ರೆ ಅಲಗಿನ ಒಂದು ಬದಿ ಹೊಳೆದು ಕಣ್ಣಿಗೆ ಮೋಸ ಆಗುತ್ತೆ, ಗ್ರೂಪ್ ಒಂದು ಕಡೆ ಸರಿಯುತ್ತೆ. ಕರ್ಪೂರ ಹಚ್ಚಿ ಆ ಹೊಗೆಯಲ್ಲಿ ಅಲಗನ್ನ ಒಂದು ಕ್ಷಣ ಹಿಡಿದ್ರೆ ಗಾಢ ಮಸಿ ಕೂರುತ್ತೆ, ಹೊಳಪು ಪೂರ್ತಿ ಹೋಗುತ್ತೆ. ಇದನ್ನ ತೋಟಾ ಡಬ್ಬಿಯಿಂದ ದೂರ, ಖಾಲಿ ಬಂದೂಕಲ್ಲಿ, ಮನೆಯಲ್ಲೇ ಮಾಡಿಕೊಂಡು ಹೋಗಿ.

ಬೆಳಿಗ್ಗೆ ಎಂಟರ ಒಳಗೆ ಮುಗಿಸಿ. 50 ಮೀಟರ್‌ಗೆ ಗಾಳಿ ಸರಿಸೋದು ಕೆಲವೇ ಮಿ.ಮೀ., ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಬೆಳಕು ಒಂದೇ ಥರ ಇರೋದು ಮುಖ್ಯ.

ಮಾಲೂರು_ಹೆಂಚು

ರೇಂಜ್ ದೂರ ಅಂತ ಕೆಲವರು ಬಿಟ್ಟುಹೋದ ಕಲ್ಲು ಕ್ವಾರಿಯಲ್ಲಿ ಮಾಡಬಹುದಲ್ಲ ಅಂತಾರೆ. ಹಿಂದೆ ಎತ್ತರದ ಬಂಡೆ ಇರುತ್ತೆ. ಕೆಜಿಎಫ್‌ನ ಸೈನೈಡ್ ದಿಬ್ಬವೂ (ಚಿನ್ನದ ಗಣಿಯ ತ್ಯಾಜ್ಯದ ಗುಡ್ಡೆ) ಹಾಗೇ ಅಲ್ವಾ?

ವೇದಿಕೆ_ನಿರ್ವಾಹಕ

ಎರಡೂ ಬೇಡ. ಗ್ರಾನೈಟ್ ಬಂಡೆ ಗುಂಡನ್ನು ತಡೆಯೋದಿಲ್ಲ, ತಿರುಗಿಸುತ್ತದೆ. ಸೀಸದ ಚೂರು, ತಾಮ್ರದ ಕವಚ, ಕಲ್ಲಿನ ಚಕ್ಕೆ ಹಾರಿಸಿದವನ ಕಡೆಗೇ ಬರುತ್ತವೆ. ಓರೆಯಾಗಿ ತಾಗಿದ ಗುಂಡು ಬಂಡೆ ದಾಟಿ ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ, ಆಚೆ ಕುರಿ ಮೇಯಿಸುವವರಿರುತ್ತಾರೆ. ಗಣಿಯ ದಿಬ್ಬಗಳ ಸುತ್ತ ಜನವಸತಿ ಇದೆ. ಜೀವಕ್ಕೆ ಅಪಾಯವಾಗುವಂತೆ ಅಜಾಗರೂಕತೆಯಿಂದ ಗುಂಡು ಹಾರಿಸಿದರೆ ಆಯುಧ ಕಾಯ್ದೆಯ 2019ರ ತಿದ್ದುಪಡಿಯಂತೆ 2 ವರ್ಷದವರೆಗೆ ಜೈಲು, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮಧುಗಿರಿ ಕಡೆಯವರು ಮೈದನಹಳ್ಳಿಯ ಕೃಷ್ಣಮೃಗಗಳನ್ನೂ ನೆನಪಿನಲ್ಲಿಡಬೇಕು. ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ನಿಷಿದ್ಧ, ಹೊಲದಲ್ಲಿ ಕೇಳಿದ ರೈಫಲ್ ಸದ್ದಿಗೆ ಬೇರೆ ಅರ್ಥವೇ ಬರುತ್ತದೆ. ಈ ಎಳೆಯಲ್ಲಿ ಅನುಮತಿ ಪಡೆದ ರೇಂಜ್‌ನ ಮಾತು ಮಾತ್ರ. 10 ಮೀಟರ್ ಏರ್ ರೈಫಲ್ ರೇಂಜ್‌ಗಳಲ್ಲಿ ಈ ಬೋರ್ ಬಿಡುವುದಿಲ್ಲ, ಹೋಗುವ ಮೊದಲೇ ವಿಚಾರಿಸಿ.

ಕೆಜಿಎಫ್_ಫಿಟ್ಟರ್

ಹಳೇ ಸ್ಟಾಕಿನ ತೋಟಾ ಇದ್ರೆ ಎರಡು ವಿಷಯ. ಟ್ರಿಗರ್ ಎಳೆದು ಸದ್ದು ಬರದಿದ್ರೆ ಬಂದೂಕು ಗುರಿಯ ಕಡೆಗೇ ಇಟ್ಟು ಪೂರ್ತಿ ಒಂದು ನಿಮಿಷ ಕಾಯಿರಿ, ಆಮೇಲೆ ಬೋಲ್ಟ್ ತೆಗೀರಿ. ಮದ್ದು ತಡವಾಗಿ ಹೊತ್ತಿಕೊಳ್ಳಬಹುದು. ಸದ್ದು ಮಾಮೂಲಿಗಿಂತ ಪಿಸ್ಸಂತ ಬಂದ್ರೆ ಅಲ್ಲಿಗೇ ನಿಲ್ಲಿಸಿ. ಗುಂಡು ನಳಿಗೆ ನಡುವೆ ನಿಂತಿರಬಹುದು, ಅದರ ಹಿಂದೆ ಇನ್ನೊಂದು ಹಾರಿಸಿದ್ರೆ ನಳಿಗೆ ಒಡೆಯುತ್ತೆ. ಬೋಲ್ಟ್ ತೆಗೆದು ಹಿಂದಿನಿಂದ ಬೆಳಕು ಕಾಣುತ್ತಾ ನೋಡಿ.

ತೂತು ದುಂಡಗಿಲ್ಲದೆ ಬೀಗದ ಕಣ್ಣಿನ ಹಾಗೆ ಉದ್ದಕ್ಕಿದ್ರೆ ಗುಂಡು ಹೊರಳಾಡ್ತಾ ಹೋಗ್ತಿದೆ. ಆಗ ನಿಜವಾಗಿಯೂ ನಳಿಗೆ ಸವೆದಿದೆ ಅಂತ ಅನುಮಾನ ಪಡಬಹುದು. ಮೂತಿಯ ಅಂಚಿಗೆ ಹತ್ತಿ ಉಂಡೆ ಸವರಿ, ಎಳೆ ಎಲ್ಲಾದ್ರೂ ಸಿಕ್ಕಿಕೊಂಡ್ರೆ ಅಲ್ಲಿ ಏಟು ಬಿದ್ದಿದೆ. ಹೆಚ್ಚಾಗಿ ಇದು ಮೂತಿಯಿಂದ ಕಬ್ಬಿಣದ ಸಲಾಕೆ ಹಾಕಿ ಒರೆಸೋರ ಕೆಲಸ. ಈ ಆಕ್ಷನ್‌ನಲ್ಲಿ ಬೋಲ್ಟ್ ತೆಗೆದು ಹಿಂದಿನಿಂದಲೇ ಒರೆಸಬಹುದು. ಬೇರೆ ರೈಫಲ್‌ನ ಬೋಲ್ಟ್ ಮಾತ್ರ ಹಾಕಬೇಡಿ, ಪ್ರತಿಯೊಂದೂ ಅದರ ಆಕ್ಷನ್‌ಗೆ ಹೊಂದಿಸಿದ್ದು.

ಪಾವಗಡ_ಬಿಸಿಲು

ಫಲಿತಾಂಶ ಬಂತು. ಗನ್‌ಸ್ಮಿತ್ ಮುಂದಿನ ಮರದ ಹಿಂಬದಿ ಎರಡೂ ಮುಖಕ್ಕೆ ಗಟ್ಟಿ ಮರದ ಚೂರು ಕೂರಿಸಿದ್ರು. ಗೆರೆ ಹಾಕಿ, ಮೂರು ನಿಮಿಷಕ್ಕೊಂದು, ಒಂದೇ ಲಾಟ್, ಎರಡು ಪದರ ಕಾಗದ. ಐದರ ಗ್ರೂಪ್‌ಗಳು 39, 52, 43 ಮಿ.ಮೀ. ಚಾರ್ಟ್‌ನ 15 ತೂತಿನ ಅತಿ ದೂರ 61, ಸರಾಸರಿ ತ್ರಿಜ್ಯ 18. ಏಣಿ ಹತ್ತೋದು ನಿಂತಿದೆ. ಕೇಂದ್ರ ಮಾತ್ರ ಬೇಕಾದ ಜಾಗದಿಂದ 11 ಮಿ.ಮೀ. ಬಲಕ್ಕಿದೆ. ಫೋರ್‌ಸೈಟ್ ಸರಿಸಬೇಕಾ?

ಸಿರಾ_ಲೆಕ್ಕ

ತುಂಬ ಸಂತೋಷ. ಐದರ ಗ್ರೂಪ್ ಸರಾಸರಿ 44.7, ಅಂದ್ರೆ 3.1 ಎಂಒಎ. ತೆರೆದ ಸೈಟ್‌ಗೆ, ಈ ಬೆಲೆಯ ರೈಫಲ್‌ಗೆ ಇದು ಗೌರವದ ಅಂಕಿ. ಹೊರಗಿನವರು ಸ್ಕೋಪ್ ಹಾಕಿ 100 ಗಜಕ್ಕೆ ಮೂರು ಗುಂಡು ಹಾರಿಸಿ ಬರೆಯೋ ಅಂಕಿಯ ಪಕ್ಕ ಇದನ್ನ ಇಡಬೇಡಿ, ಅಳತೆಯೇ ಬೇರೆ.

ಸರಾಸರಿ ತ್ರಿಜ್ಯ ಸಿಗ್ಮಾದ ಸುಮಾರು 1.25 ಪಟ್ಟು ಇರುತ್ತೆ, ಹಾಗಾಗಿ ಸಿಗ್ಮಾ = 18 ÷ 1.25 = 14.4. ನೂರರಲ್ಲಿ 95 ಗುಂಡು ಬೀಳೋ ವೃತ್ತದ ತ್ರಿಜ್ಯ ಅದರ 2.45 ಪಟ್ಟು, 35 ಮಿ.ಮೀ. 100 ಮೀಟರ್‌ಗೆ ಅಂದಾಜು ಇದರ ಎರಡರಷ್ಟು. ಅಂದಾಜು ಅಂದಿದ್ದಕ್ಕೆ ಕಾರಣ ಇದೆ. ಲೀ-ಎನ್‌ಫೀಲ್ಡ್‌ನ ತೆಳು ನಳಿಗೆ ಗುಂಡು ಹೊರಡೋ ಹೊತ್ತಿಗೆ ಮೇಲಕ್ಕೆ ಚಿಮ್ಮುತ್ತಿರುತ್ತೆ. ನಿಧಾನದ ಗುಂಡು ತಡವಾಗಿ ಹೊರಟು ಸ್ವಲ್ಪ ಮೇಲ್ಮುಖ ಹೋಗುತ್ತೆ. ಹತ್ತಿರದಲ್ಲಿ ಅದು ಉದ್ದದ ಹರಡಿಕೆಯಾಗಿ ಕಾಣುತ್ತೆ, ಬಹಳ ದೂರದಲ್ಲಿ ನಿಧಾನದ ಗುಂಡಿನ ಹೆಚ್ಚಿನ ಇಳಿತವನ್ನ ಅದೇ ಸರಿದೂಗಿಸುತ್ತೆ. ಈ ವಂಶದ ರೈಫಲ್‌ಗಳ ಹೆಸರಾಂತ ಗುಣ ಇದು.

ಇನ್ನು 11 ಮಿ.ಮೀ. 15 ಗುಂಡಿನ ಕೇಂದ್ರದ ಅನಿಶ್ಚಿತತೆ 14.4 ÷ √15 = 3.7 ಮಿ.ಮೀ. ಹನ್ನೊಂದು ಅದರ ಮೂರು ಪಟ್ಟು, ಹಾಗಾಗಿ ನಿಜವಾದ ತಪ್ಪು, ಸರಿಸಿ. ಬರೀ ಮೂರು ಗುಂಡಲ್ಲಿ ಇದೇ 11 ಬಂದಿದ್ರೆ ಅನಿಶ್ಚಿತತೆ 8.3, ಮುಟ್ಟಬೇಡಿ ಅಂತಿದ್ದೆ.

ಕೆಜಿಎಫ್_ಫಿಟ್ಟರ್

ಎರಡು ಸೈಟ್ ನಡುವಿನ ದೂರ ಅಳೆಯಿರಿ. 490 ಮಿ.ಮೀ. ಇದೆ ಅಂದುಕೊಂಡ್ರೆ, 11 × 490 ÷ 50,000 = 0.11 ಮಿ.ಮೀ. ಗುಂಡು ಬಲಕ್ಕೆ ಬಿದ್ರೆ ಫೋರ್‌ಸೈಟನ್ನೂ ಬಲಕ್ಕೇ ಸರಿಸಬೇಕು. ಬ್ಯಾಕ್‌ಸೈಟ್ ಆಗಿದ್ರೆ ಎಡಕ್ಕೆ. ಇಲ್ಲಿ ದಿಕ್ಕು ತಪ್ಪಿದ್ರೆ ತಪ್ಪು ಎರಡರಷ್ಟಾಗುತ್ತೆ.

0.11 ಅಂದ್ರೆ ಒಂದು ಜೆರಾಕ್ಸ್ ಹಾಳೆಯ ದಪ್ಪ. ಸುತ್ತಿಗೆ ಏಟಿಗೆ ಅಷ್ಟು ನಯ ಇರಲ್ಲ. ಗನ್‌ಸ್ಮಿತ್ ಹತ್ತಿರ ಸ್ಕ್ರೂ ತಿರುಗಿಸಿ ತಳ್ಳೋ ಸಾಧನ ಇರುತ್ತೆ, ಅದರಲ್ಲೇ ಮಾಡಿಸಿ. ಸರಿಸೋ ಮುಂಚೆ ಅಲಗಿನ ಬುಡಕ್ಕೂ ಕೆಳಗಿನ ಗಟ್ಟಿಗೂ ಸೇರಿ ಸೂಜಿಯಲ್ಲಿ ಒಂದು ಗೆರೆ ಗೀರಿ. ಸರಿಸಿದ ಮೇಲೆ ಎರಡು ಗೆರೆ ನಡುವಿನ ಸಂದನ್ನ ಬೈಕ್ ಟ್ಯಾಪೆಟ್ ಸೆಟ್ ಮಾಡೋ ಫೀಲರ್ ಗೇಜ್‌ನ 0.10 ಎಲೆಯ ಪಕ್ಕ ಲೆನ್ಸ್ ಹಿಡಿದು ಹೋಲಿಸಿ.

ಮತ್ತೆ ಇವತ್ತೇ ನಳಿಗೆ ತೊಳೀರಿ. ತೋಟಾದ ಪ್ರೈಮರ್ (ಬುಡದಲ್ಲಿ ಕಿಡಿ ಹೊತ್ತಿಸೋ ಭಾಗ) ಕ್ಲೋರೇಟ್ ಬಗೆಯದ್ದಾ ಅಂತ ಗೊತ್ತಿಲ್ಲದಿದ್ರೆ ಹೌದು ಅಂತಲೇ ಲೆಕ್ಕ. ಅದು ಬಿಡೋದು ತುಕ್ಕು ಹಿಡಿಸೋ ಉಪ್ಪು, ಎಣ್ಣೆಗೆ ಕರಗಲ್ಲ, ನೀರಿಗೆ ಕರಗುತ್ತೆ. ಬೋಲ್ಟ್ ತೆಗೆದು, ಆಲಿಕೆಯಿಂದ ಹಿಂದಿನ ಕಡೆಯಿಂದ ಒಂದು ಲೀಟರ್ ಕುದಿಯೋ ನೀರು ಹುಯ್ಯಿರಿ, ಮರಕ್ಕೆ ತಾಗದ ಹಾಗೆ. ಬೋಲ್ಟಿನ ತಲೆಯನ್ನೂ ಅದೇ ನೀರಲ್ಲಿ ಒರೆಸಿ. ನಳಿಗೆ ಆ ಬಿಸಿಗೇ ಒಣಗುತ್ತೆ, ಒಣ ಬಟ್ಟೆ ಎರಡು ಸಲ ಎಳೆದು ಆಮೇಲೆ ತೆಳುವಾಗಿ ಎಣ್ಣೆ. ಮುಂದಿನ ಸಲ ಆ ಎಣ್ಣೆ ಒರೆಸಿಕೊಂಡೇ ಹೋಗಿ, ಮೊದಲ 2 ಗುಂಡು ಮತ್ತೆ ಲೆಕ್ಕಕ್ಕಿಲ್ಲ.

ಪಾವಗಡ_ಬಿಸಿಲು

ಅಳೆದೆ, 484 ಇದೆ. ಹಾಗಾದ್ರೆ 0.106. ನೀರು ಕಾಯೋಕಿಟ್ಟಿದ್ದೀನಿ.